ಓದದೆ ಹಾಕಿದ ಸಹಿ

ಕಳೆದ ವರ್ಷ ನಮ್ಮೂರಿನ ಗ್ರಾಮಸಭೆಗೆ ಹೋಗಿದ್ದೆ. ಬಾಗಿಲಲ್ಲೇ ಪುಸ್ತಕವೊಂದನ್ನು ಮುಂದೆ ಹಿಡಿದರು, ಸಹಿ ಹಾಕಿದೆ. ಕೆಳಗೇರಿಯ ಹೆಂಗಸೊಬ್ಬರು ಎದ್ದುನಿಂತು, ತಮ್ಮ ಓಣಿಗೆ ನೀರಿನ ಕೊಳವೆ ಮುಟ್ಟಿಲ್ಲವೆಂದರು. 'ಬರೆದುಕೊಂಡಿದ್ದೇವೆ' ಎಂಬ ಉತ್ತರ ಬಂತು. ಆರು ತಿಂಗಳ ಬಳಿಕ ನಡಾವಳಿಯನ್ನು ನೋಡಿದಾಗ ಆ ಮಾತು ಅಲ್ಲಿರಲಿಲ್ಲ. ಸರ್ವಾನುಮತದ ನಿರ್ಣಯದ ಕೆಳಗೆ ನನ್ನ ಸಹಿಯಿತ್ತು. ಶಾಸನಪಾಠದ ಒಂದೊಂದು ಅಕ್ಷರಕ್ಕೂ ಜಗಳವಾಡುವವನು ಓದದೆಯೇ ಸಹಿ ಮಾಡಿದ್ದೆ.

ಆ ನಾಚಿಕೆಯಲ್ಲೇ ಶ್ರವಣಬೆಳಗೊಳದ 1368ರ ಬುಕ್ಕರಾಯನ ಶಾಸನವನ್ನು ಮತ್ತೆ ಓದಿದೆ. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯವುಂಟಾಗಿ, ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದೆಡೆಗಳ ಭವ್ಯಜನರು ಅರಸನಿಗೆ ಬಿನ್ನಹ ಮಾಡಿದ ಪ್ರಸಂಗವದು. ಇದನ್ನು ಮತಸಾಮರಸ್ಯದ ಸಾಕ್ಷಿಯೆಂದು ನಾವೆಲ್ಲ ಉಲ್ಲೇಖಿಸುತ್ತೇವೆ. ತರಗತಿಯಲ್ಲಿ ನಾನೂ ಹಾಗೆಯೇ ಹೇಳಿ ಮುಗಿಸುತ್ತಿದ್ದೆ. ಈ ಬಾರಿ ಕಣ್ಣು ನಿಂತದ್ದು ಅದರ ವಿಧಾನದ ಮೇಲೆ. ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಗಳ ಆಚಾರ್ಯರಷ್ಟೇ ಅಲ್ಲ, ತಿರುಕುಲ, ಜಾಂಬವಕುಲದವರನ್ನೂ ಒಳಗೊಂಡ ಹದಿನೆಂಟು ನಾಡಿನ ಶ್ರೀವೈಷ್ಣವರು ಅಲ್ಲಿ ಉಕ್ತರಾಗಿದ್ದಾರೆ. ಅರಸನು ಜೈನರ ಕೈಯನ್ನು ಅವರ ಕೈಯಲ್ಲಿಡುತ್ತಾನೆ. ಕಥೆ ಅಲ್ಲಿಗೇ ಮುಗಿದಿದ್ದರೆ ಅದೊಂದು ಸುಂದರ ದೃಶ್ಯ ಮಾತ್ರವಾಗುತ್ತಿತ್ತು.

ಮುಂದಿನ ವಿವರಗಳು ಲೆಕ್ಕಪತ್ರದಂತಿವೆ. ಜೈನರ ಪ್ರತಿ ಮನೆಯಿಂದ ವರ್ಷಕ್ಕೆ ಒಂದು ಹಣ. ಅದನ್ನು ಎತ್ತುವವರು ತಿರುಮಲೆಯ ತಾತಯ್ಯ. ಆ ಹಣದಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಅಂಗರಕ್ಷಕರು. ಮಿಕ್ಕದ್ದು ಜೀರ್ಣ ಜಿನಾಲಯಗಳ ಸುಣ್ಣಕ್ಕೆ. ದೂರಿತ್ತವರ ದೇವರ ಕಾವಲಿನ ಹೊಣೆ ಎದುರುಪಕ್ಷದವರದೇ! ದೂರು ಏನಾಯಿತೆಂದು ಯಾರೂ ಕೇಳಿ ತಿಳಿಯಬೇಕಿರಲಿಲ್ಲ, ಕಲ್ಲೇ ಹೇಳುತ್ತಿತ್ತು.

ಇದನ್ನು ಪ್ರಜಾಪ್ರಭುತ್ವವೆನ್ನಲಾರೆ. ತೀರ್ಪು ಅರಸನದು; ಆ ದೀರ್ಘ ಪಟ್ಟಿಯಲ್ಲಿ ಹೆಣ್ಣಿನ ದನಿಯೂ ಇಲ್ಲ. ಗ್ರಾಮಸಭೆಗೆ 1993ರ ಪಂಚಾಯತ್ ರಾಜ್ ಕಾಯ್ದೆಯ ಬಲವಿದೆ. ಕೆಳಗೇರಿಯ ಆಕೆಗೆ ಮಾತನಾಡುವ ಹಕ್ಕನ್ನು ಯಾವ ಅರಸನೂ ದಯಪಾಲಿಸಬೇಕಿಲ್ಲ. ಆದರೂ ಯಾರು, ಯಾವ ಹಣದಿಂದ, ಯಾವಾಗ ಎಂಬ ಮೂರು ಪ್ರಶ್ನೆಗಳಿಗೆ ಜಾಗವೇ ಇಲ್ಲದ ಪುಸ್ತಕದಲ್ಲಿ ಆ ಹಕ್ಕು ಹಾಜರಿಯಾಗಿ ಉಳಿಯುತ್ತದೆ.

ಮುಂದಿನ ಸಭೆಯಲ್ಲಿ ನಡಾವಳಿಯನ್ನು ಓದಿ ಹೇಳುವವರೆಗೆ ಸಹಿ ಹಾಕೆನೆಂದೆ. ಮೇಷ್ಟ್ರಿಗೆ ವಯಸ್ಸಾಯಿತೆಂದು ಯಾರೋ ನಕ್ಕರು. ಆಕೆ ನಗಲಿಲ್ಲ, ತನ್ನ ಓಣಿಯ ಹೆಸರು ಬರುವ ಸಾಲನ್ನು ಎರಡು ಸಲ ಓದಿಸಿದರು. ಕೊಳವೆ ಇನ್ನೂ ಬಂದಿಲ್ಲ. ಸಾಲು ಪುಸ್ತಕದಲ್ಲಿದೆ, ಅದರ ಪ್ರತಿ ಅವರ ಮನೆಯಲ್ಲಿದೆ.