ಚಂದ್ರಬಿಂಬದ ಸೇತುವೆ

ಆಬಾಲವೃದ್ಧರೆಲ್ಲರೂ ಬಲ್ಲ ಆಕಾಶವಸ್ತುಗಳಲ್ಲಿ ಚಂದ್ರನಿಗೆ ಸಮನಾದುದು ಬೇರೊಂದಿಲ್ಲ. ಅವನ ಮೈಮೇಲಿನ ಕಲೆಯನ್ನು ಮೊಲವೆಂದು ಕಂಡವರು ಶಶಾಂಕನೆಂದರು. ಜಿಂಕೆಯೆಂದು ಕಂಡವರು ಮೃಗಾಂಕನೆಂದರು. ಈ ಎರಡು ಪಕ್ಷದವರು ಕಲಹಕ್ಕಿಳಿದರೆಂದು ಕೇಳಿದವರಿಲ್ಲ. ಆದರೆ ದಾವಣಗೆರೆಯ ವಿನೋಬನಗರದ ಒಂದು ಮನೆಯ ಮಾಳಿಗೆಯ ಮೇಲೆ, ಚಂದ್ರನಲ್ಲಿ ಕಂಡ ಒಂದು ಬೆಳ್ಳಿಗೆರೆಯ ನಿಮಿತ್ತವಾಗಿ ಇಬ್ಬರು ಬಾಲಕರ ಸ್ನೇಹವೇ ಮುರಿಯುವ ಪ್ರಸಂಗ ಬಂದಿತು.

ಆ ಮನೆ ನಿವೃತ್ತರಾದ ವಿಜ್ಞಾನದ ಮೇಷ್ಟರೊಬ್ಬರದು. ಅವರಲ್ಲಿ ನಾಲ್ಕಂಗುಲ ಕನ್ನಡಿಯ ದೂರದರ್ಶಕವೊಂದಿತ್ತು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ನೆಲವನ್ನು ಮುಟ್ಟಿದ ಮೇಲೆ ಬಡಾವಣೆಯ ಮಕ್ಕಳಿಗೆ ಆ ಮಾಳಿಗೆಯೇ ರಾತ್ರಿಯ ಪಾಠಶಾಲೆಯಾಯಿತು. ಪುಷ್ಯ ಬಹುಳ ಚತುರ್ಥಿಯ ರಾತ್ರಿ. ಸಂಕಷ್ಟಿಯ ಉಪವಾಸವಿದ್ದ ಮನೆಗಳವರು ಚಂದ್ರದರ್ಶನ ಮಾಡಿ ಊಟಕ್ಕೆ ಕುಳಿತಿದ್ದ ಹೊತ್ತು. ಒಬ್ಬ ಹುಡುಗ ದೂರದರ್ಶಕಕ್ಕೆ ಕಣ್ಣಿಟ್ಟವನು ಕೂಗಿಕೊಂಡನು: “ಸಾರ್, ಚಂದ್ರನಲ್ಲಿ ಸೇತುವೆ ಇದೆ!”

ಚಂದ್ರಬಿಂಬದ ಅಂಚಿಗೆ ಸಮೀಪದಲ್ಲಿ ದುಂಡನೆಯ ಕಪ್ಪು ಬಯಲೊಂದಿದೆ. ಪಾಶ್ಚಾತ್ಯರು ಅದಕ್ಕೆ ‘ವಿಪತ್ತುಗಳ ಸಮುದ್ರ’ ಎಂದು ಹೆಸರಿಟ್ಟಿದ್ದಾರೆ. ಅದರ ಪಶ್ಚಿಮ ದಡದಲ್ಲಿ ಎರಡು ಬೆಟ್ಟದ ಚಾಚುಗಳು ಎದುರುಬದುರಾಗಿ ನಿಂತಿವೆ. ಅವುಗಳ ನಡುವೆ ಕಮಾನಿನಂತೆ ಬೆಳಕಿನ ಗೆರೆಯೊಂದು ಹುಡುಗನಿಗೆ ಕಂಡಿತ್ತು. ಅವನು ಅದನ್ನು ನೋಟುಪುಸ್ತಕದಲ್ಲಿ ಬರೆದುಕೊಂಡನು. ಗೆಳೆಯನು ನೋಡಿ, “ಸುಳ್ಳು, ಬರೀ ಸುಳ್ಳು!” ಎಂದನು. ಮಾತಿಗೆ ಮಾತು ಬೆಳೆಯಿತು. ಮೇಷ್ಟರು ಕುರ್ಚಿಯಿಂದ ಏಳದೆಯೇ, “ಅಲ್ಲೇನೂ ಇಲ್ಲ ಕಣೋ. ಹೊತ್ತಾಯಿತು, ಹೋಗಿ ಮಲಗು” ಎಂದುಬಿಟ್ಟರು. ಹುಡುಗನು ಮರುಮಾತಾಡದೆ ಇಳಿದುಹೋದನು. ಅನಂತರ ಹಲವು ದಿನ ಅವನು ಆ ಮಾಳಿಗೆಯನ್ನು ಹತ್ತಲಿಲ್ಲ.

ಮೇಷ್ಟರಿಗೆ ಆ ಮೌನ ಮುಳ್ಳಿನಂತೆ ಚುಚ್ಚಿತು. ಅಲ್ಲಿ ಸೇತುವೆಯಿಲ್ಲವೆಂಬುದು ನಿಜವೇ. ಆದರೆ ಹುಡುಗನಿಗೆ ಏನು ಕಂಡಿತೆಂಬುದನ್ನು ತಾವು ನೋಡಲಿಲ್ಲವಲ್ಲ! ಒಂದು ಸಂಜೆ ತಾವೇ ಅವನ ಮನೆಗೆ ಹೋದರು. “ಬನ್ನಿ ಮೇಷ್ಟ್ರೇ, ಇವನು ಏನು ತಪ್ಪು ಮಾಡಿದ?” ಎಂದು ಅಜ್ಜಿ ಗಾಬರಿಯಾದರು. “ತಪ್ಪು ನನ್ನದು ತಾಯಿ. ನೋಡದೆಯೇ ಇಲ್ಲವೆಂದೆ” ಎಂದು ಮೇಷ್ಟರು ಜಗುಲಿಯ ಮೇಲೆ ಕುಳಿತು, ಹುಡುಗನಿಗೆ ಒಂದು ಹಳೆಯ ಕಥೆಯನ್ನು ಹೇಳಿದರು.

1953ರ ಜುಲೈ 29ರಂದು ಅಮೆರಿಕದ ಪತ್ರಿಕಾಕರ್ತನಾದ ಜಾನ್ ಓನೀಲ್ ತನ್ನ ದೂರದರ್ಶಕದಲ್ಲಿ ಅದೇ ಸ್ಥಳದಲ್ಲಿಯೇ ಮಹಾಸೇತುವೆಯೊಂದನ್ನು ಕಂಡೆನೆಂದು ಪ್ರಕಟಿಸಿದನು. ಬಲ್ಲವರು ಕೆಲವರು ನಕ್ಕರು. ಇಂಗ್ಲೆಂಡಿನ ಪ್ರಸಿದ್ಧ ಚಂದ್ರವೀಕ್ಷಕ ವಿಲ್ಕಿನ್ಸ್ ತಾನೂ ಕಂಡೆನೆಂದು ಸಾಕ್ಷಿ ನುಡಿದನು. ಅದು ಕೃತಕ ರಚನೆಯಂತಿದೆಯೆಂದು ರೇಡಿಯೋದಲ್ಲಿಯೂ ಹೇಳಿದನು. ವಾದ ಬಿಸಿಯೇರಿತು. ಓನೀಲ್ ಆ ವರ್ಷವೇ ತೀರಿಕೊಂಡನು. ಮುಂದೆ ಆಕಾಶನೌಕೆಗಳು ಸಮೀಪದಿಂದ ತೆಗೆದ ಚಿತ್ರಗಳಲ್ಲಿ ಸೇತುವೆಯ ಸುಳಿವೇ ಇರಲಿಲ್ಲ. ಚಾಚುಗಳ ನಡುವೆ ಹಾದುಬಂದ ಓರೆಬಿಸಿಲು, ಸವೆದ ದಿಣ್ಣೆಗಳು, ಅವುಗಳ ನೆಳಲು, ಇವೆಲ್ಲ ಸೇರಿ ಕಣ್ಣಿಗೆ ಕಮಾನು ಕಟ್ಟಿದ್ದವು. ಇದಕ್ಕೂ ಹಿಂದೆ, 1824ರಲ್ಲಿ, ಮ್ಯೂನಿಕ್ಕಿನ ವೈದ್ಯ ಗ್ರೂಯ್ಟ್‌ಹೌಸನ್ ಚಂದ್ರನಲ್ಲಿ ಕೋಟೆಗೋಡೆಗಳ ಪಟ್ಟಣವನ್ನೇ ಕಂಡೆನೆಂದು ಬರೆದಿದ್ದನು. ಉತ್ತಮ ದೂರದರ್ಶಕಗಳಲ್ಲಿ ಅದು ಸಾಲುದಿಣ್ಣೆಗಳಾಗಿ ಉಳಿಯಿತು.

“ಹಾಗಾದರೆ ಅವರೂ ಸುಳ್ಳರೇ, ಸಾರ್?”

“ಅಲ್ಲಪ್ಪ. ಅವರಿಬ್ಬರ ಹೆಸರಿನ ಕುಳಿಗಳು ಚಂದ್ರನ ಮೇಲೆಯೇ ಇವೆ: ಗ್ರೂಯ್ಟ್‌ಹೌಸನ್ ಒಂದು, ವಿಲ್ಕಿನ್ಸ್ ಒಂದು. ಅವರ ಕಣ್ಣು ಸುಳ್ಳಾಡಲಿಲ್ಲ. ಕಂಡದ್ದಕ್ಕೆ ಹೆಸರಿಡುವಾಗ ಅವಸರಪಟ್ಟರು, ಅಷ್ಟೆ.”

ಬಳಿಕ ಅವರು ಲೆಕ್ಕವನ್ನು ಬಿಡಿಸಿ ಹೇಳಿದರು. ಚಂದ್ರನು ಸರಾಸರಿ 3,84,400 ಕಿಲೋಮೀಟರು ದೂರದಲ್ಲಿದ್ದಾನೆ. ನಾಲ್ಕಂಗುಲದ ಕನ್ನಡಿಗೆ ಅಲ್ಲಿ ಸುಮಾರು ಎರಡು ಕಿಲೋಮೀಟರಿಗಿಂತ ಹತ್ತಿರದ ಎರಡು ಚುಕ್ಕೆಗಳು ಬೇರೆಬೇರೆಯಾಗಿ ಕಾಣವು. ಹರಿಹರದ ತುಂಗಭದ್ರಾ ಸೇತುವೆಯನ್ನು ಒಯ್ದು ಅಲ್ಲಿಟ್ಟರೆ ಅದರ ಕಂಬ ಕಮಾನುಗಳು ಈ ಮಾಳಿಗೆಗೆ ತೋರವು. ಮೇಲಾಗಿ ಚಂದ್ರನಲ್ಲಿ ಗಾಳಿಯಿಲ್ಲ. ನೆಳಲು ಮಸಿಯಂತೆ ಕಪ್ಪು. ಉತ್ತ ಹೊಲದ ಸಾಲುಗಳು ನಡುಹಗಲಿನಲ್ಲಿ ಅಡಗಿ, ಸಂಜೆಯ ಓರೆಬಿಸಿಲಿನಲ್ಲಿ ಎದ್ದು ಕಾಣುವಂತೆ, ಹಗಲು ಇರುಳುಗಳು ಕೂಡುವ ಅಂಚಿನಲ್ಲಿ ಸಣ್ಣ ದಿಣ್ಣೆಯೂ ಗೋಡೆಯಾಗಿ ತೋರುವುದು. ಆ ಅಂಚಾದರೋ ಚಂದ್ರನ ಸಮಭಾಜಕದ ಬಳಿ ಗಂಟೆಗೆ ಸುಮಾರು 15 ಕಿಲೋಮೀಟರು ಸರಿಯುತ್ತದೆ. ದಾವಣಗೆರೆಯಿಂದ ಹರಿಹರಕ್ಕೆ ಸೈಕಲ್ಲಿನಲ್ಲಿ ಹೋಗುವವನ ವೇಗ ಅದು.

“ಹಾಗಾದರೆ ಮತ್ತೆ ನೋಡುವುದು ಯಾವಾಗ?”

“ಚಾಂದ್ರಮಾಸಕ್ಕೆ ಇಪ್ಪತ್ತೊಂಬತ್ತೂವರೆ ದಿನ. ಮುಂದಿನ ತಿಂಗಳು ಇದೇ ಹೊತ್ತಿಗೆ ಅರ್ಧ ದಿನದ ವ್ಯತ್ಯಾಸ ಬರುತ್ತದೆ. ಎರಡು ತಿಂಗಳು, ಐವತ್ತೊಂಬತ್ತು ದಿನ ಕಾಯಬೇಕು.”

ನಮ್ಮ ಲಾಕ್ಷಣಿಕರು ಸಂದೇಹವನ್ನೂ ಭ್ರಾಂತಿಮಂತವನ್ನೂ ಎರಡು ಬೇರೆ ಅಲಂಕಾರಗಳಾಗಿ ಗಣಿಸಿದ್ದಾರೆ. ಇದು ಮುಖವೋ ಕಮಲವೋ ಎಂದು ತೂಗಾಡುವುದು ಸಂದೇಹ. ಕಮಲವೇ ಸರಿಯೆಂದು ದುಂಬಿ ಎರಗಿದರೆ ಅದು ಭ್ರಾಂತಿ. ಕಾವ್ಯದಲ್ಲಿ ಎರಡೂ ಸೊಗಸೇ, ಏಕೆಂದರೆ ಅಲ್ಲಿ ಸಹೃದಯನು ಮೋಸಹೋಗುವುದಿಲ್ಲ. ಲೋಕವ್ಯವಹಾರದಲ್ಲಿ ಹಾಗಲ್ಲ. ಸಂದೇಹದಲ್ಲಿ ನಿಲ್ಲಲಾರದವನು ಒಂದೋ ಕಂಡೊಡನೆ ಸೇತುವೆ ಕಟ್ಟುತ್ತಾನೆ, ಇಲ್ಲವೇ ನೋಡದೆಯೇ ಅದನ್ನು ಕೆಡಹುತ್ತಾನೆ. ಶಿಷ್ಯನಿಗೆ ಮೊದಲನೆಯದನ್ನು ತಿದ್ದಹೊರಟ ಗುರು ತಾನು ಎರಡನೆಯದಕ್ಕೆ ಬೀಳಬಾರದು.

ಫಾಲ್ಗುಣದ ಚತುರ್ಥಿ ಬಂದಿತು. ಆಕಾಶ ನಿರ್ಮಲವಾಗಿತ್ತು. ಮೇಷ್ಟರು ಇಬ್ಬರು ಹುಡುಗರನ್ನೂ ಕರೆದು, ಒಬ್ಬರದನ್ನೊಬ್ಬರು ನೋಡದೆ ಕಂಡಷ್ಟನ್ನೇ ಚಿತ್ರಿಸಬೇಕೆಂದು ಕಟ್ಟುಮಾಡಿದರು. ತಾವೂ ಒಂದು ಕಾಗದವನ್ನು ಹಿಡಿದರು. ಹನ್ನೊಂದು ಗಂಟೆಗೆ ಮೂರು ಚಿತ್ರಗಳನ್ನೂ ದೀಪದಡಿ ಇಟ್ಟರು. ಮೂರರಲ್ಲಿಯೂ ಚಾಚುಗಳ ನಡುವೆ ಬೆಳಕಿನ ಗೆರೆಯಿತ್ತು! ಸುಳ್ಳೆಂದಿದ್ದ ಗೆಳೆಯನು ತಲೆತಗ್ಗಿಸಿದನು. ಅರ್ಧ ಗಂಟೆಯ ಬಳಿಕ ಮತ್ತೆ ನೋಡಿದರು. ನೆಳಲು ಸರಿದು ಗೆರೆ ನಡುವೆ ಮುರಿದಿತ್ತು. ಎರಡು ಮೋಟು ದಿಣ್ಣೆಗಳು ಮಾತ್ರ ಉಳಿದಿದ್ದವು.

ಹುಡುಗನು ಬಹಳ ಹೊತ್ತು ಸುಮ್ಮನಿದ್ದನು. ಆಮೇಲೆ ತನ್ನ ಹಳೆಯ ನೋಟುಪುಸ್ತಕವನ್ನು ತೆರೆದನು. ಗೆಳೆಯನು ರಬ್ಬರನ್ನು ಮುಂದೆ ಚಾಚಿದನು. ಅವನು ಅದನ್ನು ತೆಗೆದುಕೊಳ್ಳಲಿಲ್ಲ. ಪುಷ್ಯಮಾಸದ ಚಿತ್ರವನ್ನು ಹಾಗೆಯೇ ಉಳಿಸಿ, ‘ಸೇತುವೆ’ ಎಂಬ ಪದದ ಮುಂದೆ ‘ಯಂತೆ ಕಂಡಿತು’ ಎಂದು ಸೇರಿಸಿ, ಕೆಳಗೆ ತಿಥಿಯನ್ನೂ ವೇಳೆಯನ್ನೂ ಬರೆದನು. ಮೇಷ್ಟರು ಅದರಡಿಯಲ್ಲಿ ತಮ್ಮ ಸಹಿಯನ್ನು ಹಾಕಿದರು, ಗೆಳೆಯನೂ ಹಾಕಿದನು.