ನಂಜನಗೂಡು ರಸ್ತೆಯ ಹಳೇ ವಿಮಾನ

ಮೈಸೂರಿಂದ ನಂಜನಗೂಡಿಗೆ ಹೊರಟರೆ ಮಂಡಕಳ್ಳಿ ಹತ್ರ ಬೈಕ್ ನಿಧಾನ ಮಾಡೋದು ನನ್ನ ಚಾಳಿ. ಇಲ್ಲಿನ ರನ್‌ವೇ ಸುಮಾರು 1,740 ಮೀಟರ್. ದೊಡ್ಡ ಜೆಟ್‌ಗಳಿಗೆ ಸಾಲದು. ಟರ್ಬೈನ್‌ನಿಂದ ಪ್ರೊಪೆಲ್ಲರ್ ತಿರುಗಿಸೋ ಎಟಿಆರ್‌ಗೆ ಸಾಕು. ಕಳೆದ ಶನಿವಾರ ಅಪ್ಪನೂ ಹಿಂದೆ ಕೂತಿದ್ರು. "ಇಂಥದ್ದು ಸೆಕೆಂಡ್ ಹ್ಯಾಂಡ್ ಸಿಗುತ್ತಾ?" ಅಂದ್ರು. ಸಿಗುತ್ತೆ. 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಶುರು ಮಾಡಿದ್ದೂ ಹಳೇ ಎಟಿಆರ್ 42ಗಳಿಂದಲೇ.

ಶ್ರೀಕಂಠೇಶ್ವರನಿಗೆ ಕೈಮುಗಿದು, ರಸಬಾಳೆ ಸಿಗದೆ ಬೇರೆ ಬಾಳೆಹಣ್ಣು ತಗೊಂಡು, ತಿ. ನರಸೀಪುರದ ಸಂಗಮಕ್ಕೆ ಬಂದ್ವಿ. ಕಪಿಲೆ ಕಾವೇರಿಗೆ ಸೇರೋದನ್ನ ನೋಡ್ತಾ ಅಪ್ಪ ಮತ್ತೆ ಕೇಳಿದ್ರು: "ಅದರ ಮೀಟರ್ ತಿರುಗಿಸೋಕಾಗುತ್ತಾ?"

ಪ್ರಶ್ನೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ನಾನು ಹೈಸ್ಕೂಲಲ್ಲಿದ್ದಾಗ ಕೊಂಡ ಹಳೇ ಟ್ರ್ಯಾಕ್ಟರ್‌ನ ಅವರ್ ಮೀಟರ್ ಸುಳ್ಳು ಹೇಳಿತ್ತು. ತಿಂಗಳಲ್ಲೇ ಎಂಜಿನ್ ಬಿಚ್ಚಿಸಬೇಕಾಯ್ತು. ಅಮ್ಮನ ಬಳೆ ಅಡವಿಗೆ ಹೋಯ್ತು, ವಾಪಸ್ ಬರಲಿಲ್ಲ.

ಕಷ್ಟ ಅಂದೆ. ವಿಮಾನದಲ್ಲಿ ಹಾರಿದ ಗಂಟೆಯಷ್ಟೇ ಅಲ್ಲ, ಪ್ರತಿ ಇಳಿತವೂ ಲೆಕ್ಕ. ಎಂಜಿನ್, ಪ್ರೊಪೆಲ್ಲರ್, ಲ್ಯಾಂಡಿಂಗ್ ಗೇರ್, ಒಂದೊಂದಕ್ಕೂ ಬೇರೆ ದಾಖಲೆ. ಆಯಸ್ಸು ಗೊತ್ತುಮಾಡಿದ ಭಾಗದ ಕಾಗದ ಕಳೆದ್ರೆ, ಅದು ಫಳಫಳ ಹೊಳೀತಿದ್ರೂ ಗುಜರಿ.

"ಹಂಗಾದ್ರೆ ಮೊದ್ಲು ಕಾಗದ ನೋಡ್ಬೇಕು," ಅಂದ್ರು ಅಪ್ಪ. ಈ ಭಾನುವಾರ ನಾನು ಹಳೇ ಕಾರೊಂದನ್ನ ನೋಡೋಕೆ ಹೋಗೋದಿದೆ. ತಾವೂ ಬರ್ತಾರಂತೆ.