ಗೊನೆ ದೊಡ್ಡದು, ಹಣ್ಣು ಸಪ್ಪೆ



ಗುಂಡ್ಲುಪೇಟೆಯಿಂದ ನೀವು ಬರೆದ ಪತ್ರ ಕೈಸೇರಿತು. ಬಾಳೆ ಕಡುಹಸಿರಾಗಿ ನಿಂತಿದೆ, ಗೊನೆಯೂ ದೊಡ್ಡದೇ, ಆದರೂ ಮಂಡಿಯವರು "ಹಣ್ಣು ಸಪ್ಪೆ, ತಡೆಯುವುದಿಲ್ಲ" ಎಂದು ಬೆಲೆ ಮುರಿಯುತ್ತಾರೆ ಎಂದಿದ್ದೀರಿ. ಸಿಹಿ ಬರಿಸುವ ಗೊಬ್ಬರ ಯಾವುದೆಂದು ಕೇಳಿದ್ದೀರಿ. ಹಾಗೆಂದು ಹೆಸರಿಟ್ಟು ಮಾರುವ ಚೀಲಗಳೇನೋ ಇವೆ, ಅವುಗಳ ಗೊಡವೆ ಬೇಡ. ನಿಮ್ಮ ಗೊಬ್ಬರದ ಪಟ್ಟಿಯಲ್ಲೇ ಉತ್ತರದ ಬಹುಪಾಲು ಇದೆ. ಯೂರಿಯಾ ಮತ್ತೆ ಮತ್ತೆ ಬಿದ್ದಿದೆ. ಪೊಟ್ಯಾಷ್ ಬಿದ್ದದ್ದು ಒಂದೇ ಸಲ, ಅದೂ ಗೊನೆ ಹೊರಬಂದ ಮೇಲೆ.

ಎಲ್ಲರೂ ಮಾಡುವುದು ಹೀಗೇ. 45 ಕೆಜಿ ಯೂರಿಯಾ ಚೀಲ 300 ರೂಪಾಯಿಯೊಳಗೆ ಸಿಗುತ್ತದೆ, ಪೊಟ್ಯಾಷ್ ಚೀಲಕ್ಕೆ ಅದರ ಹಲವು ಪಟ್ಟು ತೆರಬೇಕು. ಯೂರಿಯಾ ಹಾಕಿದರೆ ವಾರದಲ್ಲಿ ಎಲೆ ಕಪ್ಪೇರುತ್ತದೆ, ಕಣ್ಣಿಗೆ ಸಮಾಧಾನ. ಪೊಟ್ಯಾಷ್ ಮಾಡುವ ಕೆಲಸ ಹಾಗೆ ಕಾಣುವುದಿಲ್ಲ. ಎಲೆ ತಯಾರಿಸಿದ ಸಕ್ಕರೆ ಕಾಯಿಗೆ ಸಾಗಬೇಕಾದರೆ ಪೊಟ್ಯಾಷ್ ಬೇಕು. ಎಲೆಯ ರಂಧ್ರಗಳು ತೆರೆದು ಮುಚ್ಚುವುದಕ್ಕೂ ಅದೇ ಬೇಕು. ಅದು ಕಡಿಮೆಯಾದಾಗ ಗಿಡ ಹಳೆಯ ಎಲೆಯಿಂದ ಕಿತ್ತು ಹೊಸದಕ್ಕೆ ಕೊಡುತ್ತದೆ. ಕೆಳಗಿನ ಎಲೆಗಳು ಕಿತ್ತಳೆ-ಹಳದಿಗೆ ತಿರುಗಿ, ತುದಿ ಒಣಗಿ ಒಳಕ್ಕೆ ಸುರುಳಿಯಾಗುತ್ತಿವೆಯೇ, ನೋಡಿ. "ವಯಸ್ಸಾದ ಎಲೆ, ಒಣಗುತ್ತದೆ ಬಿಡಿ" ಎಂದು ಕೊಯ್ದು ಹಾಕುತ್ತೇವಲ್ಲ, ಗಿಡದ ದೂರು ಇರುವುದು ಅಲ್ಲೇ.

ನಮ್ಮ ರಾಜ್ಯದಲ್ಲಿ ಬಾಳೆಗೆ ಬಹುಕಾಲದಿಂದ ಹೇಳುತ್ತ ಬಂದಿರುವ ಪ್ರಮಾಣ ಗಿಡಕ್ಕೆ 180 ಗ್ರಾಂ ಸಾರಜನಕ, 108 ಗ್ರಾಂ ರಂಜಕ, 225 ಗ್ರಾಂ ಪೊಟ್ಯಾಷ್. ಮ್ಯೂರಿಯೇಟ್ ಆಫ್ ಪೊಟ್ಯಾಷ್‌ನಲ್ಲಿ ಇರುವುದು ನೂರಕ್ಕೆ 60 ಪಾಲು, ಹಾಗಾಗಿ ಗಿಡವೊಂದಕ್ಕೆ 375 ಗ್ರಾಂ ಗೊಬ್ಬರ ಬೇಕು. ಅಂದರೆ ಸಾರಜನಕಕ್ಕಿಂತ ಪೊಟ್ಯಾಷ್ಷೇ ಹೆಚ್ಚು. ನಿಮ್ಮ ತೋಟದಲ್ಲಿ ಲೆಕ್ಕ ತಲೆಕೆಳಗಾಗಿದೆ.

ಪ್ರಮಾಣಕ್ಕಿಂತ ಹೊತ್ತು ಮುಖ್ಯ. ಗೊನೆ ಹೊರಗೆ ಇಣುಕುವುದಕ್ಕೆ ತಿಂಗಳುಗಳ ಮೊದಲೇ, ನೆಟ್ಟ ನಾಲ್ಕೈದನೇ ತಿಂಗಳ ಆಸುಪಾಸಿನಲ್ಲಿ, ದಿಂಡಿನ ಬುಡದೊಳಗೆ ಹೂಮೊಗ್ಗು ಮೂಡಿರುತ್ತದೆ. ಎಷ್ಟು ಚಿಪ್ಪು, ಚಿಪ್ಪಿಗೆ ಎಷ್ಟು ಕಾಯಿ ಎಂಬುದು ಆಗಲೇ ತೀರ್ಮಾನ. ಗೊನೆ ಬಂದ ಮೇಲೆ ಏನು ಸುರಿದರೂ ಒಂದು ಚಿಪ್ಪು ಹೆಚ್ಚುವುದಿಲ್ಲ, ಇದ್ದ ಕಾಯಿ ತುಂಬಬಹುದು ಅಷ್ಟೆ. ಆದ್ದರಿಂದ ಪೊಟ್ಯಾಷನ್ನು ಮೊದಲಿನಿಂದಲೇ ಕಂತುಕಂತಾಗಿ ಕೊಡಿ. ಕಾಯಿ ತುಂಬಿಸಲು ಒಂದು ಉಪಾಯವೂ ಇದೆ. ಕೊನೆಯ ಚಿಪ್ಪು ಬಿಟ್ಟ ಮೇಲೆ ಮೂತಿ ಮುರಿದು, 500 ಗ್ರಾಂ ಹಸಿ ಸಗಣಿಗೆ 7.5 ಗ್ರಾಂ ಯೂರಿಯಾ, 7.5 ಗ್ರಾಂ ಸಲ್ಫೇಟ್ ಆಫ್ ಪೊಟ್ಯಾಷ್ ಅನ್ನು 100 ಮಿ.ಲೀ. ನೀರಲ್ಲಿ ಕರಗಿಸಿ ಕಲಸಿ, ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ, ಗೊನೆದಂಟಿನ ಕತ್ತರಿಸಿದ ತುದಿ ಅದರಲ್ಲಿ ಮುಳುಗುವಂತೆ ಕಟ್ಟಬೇಕು. ನೋಡಿದವರು ನಗುತ್ತಾರೆ, ನಗಲಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಬನಾನಾ ಸ್ಪೆಷಲ್ ಎಂಬ, ಎಲೆಗೆ ಸಿಂಪಡಿಸುವ ಪುಡಿ ಕೂಡ ಇಂಥದೇ ಮನೆಮದ್ದಿನಂಥ ವಿದ್ಯೆ: ಲೀಟರ್ ನೀರಿಗೆ 5 ಗ್ರಾಂ, ಜೊತೆಗೆ ಕ್ಯಾನಿಗೆ ಒಂದು ಶಾಂಪೂ ಪೊಟ್ಟಣ, ಎರಡು ನಿಂಬೆಹಣ್ಣಿನ ರಸ. ಸತು, ಬೋರಾನ್‌ನಂಥ ಲಘು ಪೋಷಕಾಂಶಗಳು ಎಲೆಗೇ ಸಿಗುತ್ತವೆ. ಶಾಂಪೂ ಇರುವುದು ದ್ರಾವಣ ಬಾಳೆಯ ಮೇಣದೆಲೆಯಿಂದ ಜಾರದಿರಲೆಂದು.

ಹಾಗೆಂದು ಪೊಟ್ಯಾಷನ್ನೇ ರಾಶಿ ಹಾಕಬೇಡಿ. ಅತಿಯಾದರೆ ಬೇರು ಮೆಗ್ನೀಷಿಯಂ, ಕ್ಯಾಲ್ಸಿಯಂ ಹೀರುವುದಕ್ಕೆ ಅದೇ ಅಡ್ಡ ನಿಲ್ಲುತ್ತದೆ. ಹಣ್ಣು ತಡೆಯಲು ಬೇಕಾದ ಕ್ಯಾಲ್ಸಿಯಂ ಬೇರೆ ಬಲು ಸೋಮಾರಿ, ನೀರು ಹರಿದತ್ತ ಮಾತ್ರ ಹೋಗುತ್ತದೆ. ನೀರು ಹೆಚ್ಚು ಆವಿಯಾಗುವುದು ಎಲೆಯಿಂದ, ಹಾಗಾಗಿ ಕಾಯಿಗೆ ಸಿಗುವುದು ಉಳಿದದ್ದು. ಒಂದು ವಾರ ಕೆಸರು, ಮರುವಾರ ಬಿರುಕು ಎಂಬಂತೆ ನೀರು ಕೊಟ್ಟರೆ ಅದೂ ಇಲ್ಲ.

ಕ್ಯಾಲ್ಸಿಯಂಗೆ ಸುಣ್ಣವೋ ಜಿಪ್ಸಮ್ಮೋ ಎಂದು ಕೇಳಿದಿರಿ. ಅವು ಒಂದರ ಬದಲು ಇನ್ನೊಂದಲ್ಲ. ಹುಳಿ ಮಣ್ಣಿಗೆ ಸುಣ್ಣ. ಸೋಡಿಯಂ ಕೂತು ಗಟ್ಟಿಯಾದ ಕ್ಷಾರ ನೆಲಕ್ಕೆ ಜಿಪ್ಸಂ: ಅದರ ಕ್ಯಾಲ್ಸಿಯಂ ಸೋಡಿಯಮ್ಮನ್ನು ಮಣ್ಣಿನ ಕಣದಿಂದ ಎಬ್ಬಿಸುತ್ತದೆ, ಎದ್ದದ್ದನ್ನು ನೀರು ಕೊಚ್ಚಿ ಹೊರಗೆ ಒಯ್ಯಬೇಕು. ಬಸಿಗಾಲುವೆ ಇಲ್ಲದೆ ಜಿಪ್ಸಂ ಹಾಕಿದರೆ ದುಡ್ಡು ದಂಡ. ಇನ್ನು ಅಂಗಡಿಯ ಹ್ಯೂಮಿಕ್ ಆಮ್ಲದ ಬಾಟಲಿ. ಎಕರೆಗೆ ಒಂದೆರಡು ಲೀಟರಿನಿಂದ ಮಣ್ಣಿನ ಸಾವಯವ ಇಂಗಾಲ ಅಳತೆಗೆ ಸಿಗುವಷ್ಟು ಏರುವುದಿಲ್ಲ; ಅದಕ್ಕೆ ಬೇಕಾದದ್ದು ಗಾಡಿಗಟ್ಟಲೆ ಕೊಟ್ಟಿಗೆ ಗೊಬ್ಬರ, ಸೆಣಬು, ಹೊಂಗೆಸೊಪ್ಪು. ನಿಮ್ಮದು ಮರಳು ಮಿಶ್ರಿತ ಕೆಮ್ಮಣ್ಣು. ಕೊಟ್ಟಿಗೆ ಗೊಬ್ಬರ ಇಲ್ಲದಿದ್ದರೆ ಕೊಟ್ಟ ಪೊಟ್ಯಾಷ್ ಬೇರಿನ ಕೆಳಗೆ ಬಸಿದುಹೋಗುತ್ತದೆ. ಕೊಯ್ಲಾದ ಬಾಳೆದಿಂಡನ್ನು ರಸ್ತೆಬದಿಗೆ ಎಸೆಯುತ್ತೀರಲ್ಲ, ಅದರ ತುಂಬ ಇರುವುದು ನೀವು ದುಡ್ಡು ಕೊಟ್ಟು ತಂದ ಪೊಟ್ಯಾಷ್ಷೇ. ರೋಗವಿಲ್ಲದ್ದನ್ನು ಕೊಚ್ಚಿ ಸಾಲಿಗೇ ಹಾಕಿ. ಸೊರಗು ರೋಗ ತಗುಲಿದ್ದನ್ನು ಮಾತ್ರ ಖಂಡಿತ ಬೇಡ.

ನಿಮ್ಮ ತಮ್ಮನ ಮಾವಿನ ಮರಗಳ ಬಗ್ಗೆ ಒಂದೇ ಮಾತು: ಕೊಯ್ಲು ಮುಗಿದು ಮಳೆ ಹಿಡಿದಾಗ ಗೊಬ್ಬರ ಕೊಡಲಿ, ಬುಡಕ್ಕಲ್ಲ, ಕೊಂಬೆಯ ನೆರಳಿನ ಅಂಚಿಗೆ. ಮಳೆಗಾಲ ಕಳೆದ ಮೇಲೆ ಯೂರಿಯಾ ಬೇಡ. ಹೂ ಬಿಡಬೇಕಾದ ಮರ ಚಿಗುರುತ್ತ ಕೂರುತ್ತದೆ.

ಮುಂದಿನ ಕಂದು ನೆಡುವ ಮೊದಲು ತೋಟದ ಹತ್ತಾರು ಕಡೆ ಒಂದಡಿ ಆಳದ ಮಣ್ಣು ತೆಗೆದು, ಬೆರೆಸಿ, ಅರ್ಧ ಕೆಜಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಡಿ. ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶ ಇರುತ್ತವೆ. ರಸಸಾರ, ಸಾವಯವ ಇಂಗಾಲ, ಪೊಟ್ಯಾಷ್, ಬೋರಾನ್ ಈ ನಾಲ್ಕರ ಅಂಕಿ ನನಗೆ ಬರೆದು ಕಳಿಸಿ. ಅಲ್ಲಿಯವರೆಗೆ ಹೊಸ ಚೀಲ ಯಾವುದನ್ನೂ ಕೊಳ್ಳಬೇಡಿ.

ನಿಮ್ಮವ